ಬೂಟಿನ ಡಬ್ಬಿಯೊಳಗಿನ ವಚನಗಳು

ರಾಂಜಣಗಾಂವದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸೆಕೆಂಡ್ ಶಿಫ್ಟ್ ಬಿಡುವ ಹೊತ್ತಿಗೆ ಪುಣೆ–ಅಹಿಲ್ಯಾನಗರ ಹೆದ್ದಾರಿಯ ಧಾಬಾಗಳ ಹೊರತು ಉಳಿದದ್ದೆಲ್ಲ ಬಾಗಿಲು ಹಾಕಿರುತ್ತದೆ. ಈ ಊರಿಗೆ ಭಕ್ತರು ಬರುವುದು ಅಷ್ಟವಿನಾಯಕರಲ್ಲೊಬ್ಬನಾದ ಮಹಾಗಣಪತಿಗಾಗಿ. ತ್ರಿಪುರಾಸುರನ ಮೇಲೆ ಯುದ್ಧಕ್ಕೆ ಹೊರಟ ಶಿವ ಮೊದಲು ಮಗನಿಗೆ ಕೈಮುಗಿದದ್ದು ಇಲ್ಲೇ ಎನ್ನುತ್ತದೆ ಸ್ಥಳಪುರಾಣ. ಮಿಕ್ಕವರು ಬರುವುದು ಹೊಟ್ಟೆಪಾಡಿಗೆ: ಕಾರು, ಫ್ರಿಜ್, ವಾಷಿಂಗ್ ಮಷೀನ್ ತಯಾರಿಸುವ ಕಾರ್ಖಾನೆಗಳಿಗೆ. ಲಾತೂರು, ಬೀಡಿನವರ ಜೊತೆ ವಿಜಯಪುರ, ಕಲಬುರಗಿ, ಬೀದರ ಕಡೆಯವರೂ ಪಕ್ಕದ ಕಾರೇಗಾಂವದ ಬಾಡಿಗೆ ಖೋಲಿಗಳಲ್ಲಿ ತುಂಬಿಕೊಂಡಿದ್ದಾರೆ. ಅಂಥ ಒಂದು ಖೋಲಿಯಲ್ಲಿ, ಕ್ವಾಲಿಟಿ ಇನ್‌ಸ್ಪೆಕ್ಟರನ ಕೆಲಸ ಮುಗಿಸಿ ಬಂದ ಇಂಡಿ ತಾಲೂಕಿನ ಮನುಷ್ಯನೊಬ್ಬನಿಗೆ ಅಣ್ಣನ ಮಗಳಿಂದ ವಾಟ್ಸಾಪ್ ಬಂತು. ಅವಳು ಊರ ಕಡೆ ಪಿಎಚ್‌ಡಿ ಮಾಡುತ್ತಿದ್ದಾಳೆ. ವಿಷಯ ವಚನ ಸಾಹಿತ್ಯ.

ಕಳಿಸಿದ್ದು ‘ವಚನ ಸಂಚಯ’ ಜಾಲತಾಣದ ಸ್ಕ್ರೀನ್‌ಶಾಟ್. ಹುಡುಕುವ ಚೌಕದಲ್ಲಿ ‘ಬಯಲು’ ಎಂದಿತ್ತು. ಅದರ ಕೆಳಗೆ ಸಾಲುಗಟ್ಟಿ ವಚನಗಳು, ವಚನಕಾರರ ಹೆಸರು, ಅಂಕಿತ. ಆಮೇಲೆ ಅವಳ ಒಂದು ಸಾಲು: “ಕಾಕಾ, ಕಾಲೇಜಿನ್ಯಾಗ ಇದ್ದಾಗ ನೀವು ಚೀಟಿ ಬರೀತಿದ್ರಿ ಅಂತ ಅಪ್ಪ ಹೇಳ್ತಿದ್ದ. ಇದಕ್ಕೇ ಏನು?”

ಇದಕ್ಕೇ.

1990ರ ದಶಕದ ಕೊನೆ. ವಿಜಯಪುರ ಆಗಿನ್ನೂ ಬಿಜಾಪುರ. ಬಿ.ಎ. ಓದಲು ಹಳ್ಳಿಯಿಂದ ಬಂದ ಹುಡುಗನಿಗೆ ಖೋಲಿಯ ಬಾಡಿಗೆ ಹುಟ್ಟುವ ಕೆಲಸವೊಂದು ಬೇಕಿತ್ತು. ನಿವೃತ್ತ ಕನ್ನಡ ಮಾಸ್ತರರೊಬ್ಬರಿಗೆ ಅಕ್ಷರ ದುಂಡಗಿರುವ ಹುಡುಗ ಬೇಕಿತ್ತು. ಮಾಸ್ತರರು ವಚನಗಳಿಗೆ ಪದಸೂಚಿ ಮಾಡಹೊರಟಿದ್ದರು. ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ತಂದ ಸಮಗ್ರ ವಚನ ಸಂಪುಟಗಳು, ಒಟ್ಟು 15, ಅವರ ಗೋಡೆಗೂಡಿನಲ್ಲಿ ಸಾಲಾಗಿ ನಿಂತಿದ್ದವು. ಹುಡುಗ ಒಂದೊಂದನ್ನೇ ಮೊದಲ ಪುಟದಿಂದ ಓದಬೇಕು. ಮಾಸ್ತರರು ಗೊತ್ತುಮಾಡಿದ ಪದ ಸಿಕ್ಕಿದಲ್ಲೆಲ್ಲ ಒಂದು ಚೀಟಿ ಬರೆಯಬೇಕು: ಮೇಲೆ ಪದ, ಎಡಕ್ಕೆ ಅಂಕಿತ, ಬಲಕ್ಕೆ ಸಂಪುಟದ ಮತ್ತು ವಚನದ ಸಂಖ್ಯೆ, ಕೆಳಗೆ ಆ ಪದವಿರುವ ಸಾಲು. ಕಾಗದಕ್ಕೆ ದುಡ್ಡು ಹಾಕಲು ಮಾಸ್ತರರಿಗೆ ಮನಸ್ಸಿರಲಿಲ್ಲ. ಲಗ್ನಪತ್ರಿಕೆಗಳನ್ನು ನಾಲ್ಕಾಗಿ ಕತ್ತರಿಸಿ ಖಾಲಿ ಬೆನ್ನಿಗೆ ಬರೆಸುತ್ತಿದ್ದರು. ಅಲ್ಲಮನ ಬಯಲಿನ ಹಿಂಬದಿಯಲ್ಲಿ ಯಾರದೋ ಮನೆಯ ಮುಹೂರ್ತ, ಅಕ್ಷತೆಯ ವೇಳೆ. ತುಂಬಿದ ಚೀಟಿಗಳು ಬೂಟಿನ ಡಬ್ಬಿ ಸೇರುತ್ತಿದ್ದವು. ಡಬ್ಬಿಯ ಮೇಲೆ ಕೆಂಪು ಮಸಿಯಲ್ಲಿ ‘ಅ–ಈ’, ‘ಕ’, ‘ಬ’.

“ಶಬ್ದ ಹುಡುಕೂದು ಯಾರಿಗೂ ಬರ್ತದ,” ಎನ್ನುತ್ತಿದ್ದರು ಮಾಸ್ತರರು. “ಅದರ ಮಗ್ಗಲದಾಗ ಯಾವ ಶಬ್ದ ಕುಂತೈತಿ, ಅದನ್ನ ನೋಡು.” ಹುಡುಗ ನೋಡುತ್ತಿದ್ದ. ನಡುಮಧ್ಯಾಹ್ನ ಕಣ್ಣು ಎಳೆಯುವಾಗ ನೋಡದೆಯೂ ಬರೆಯುತ್ತಿದ್ದ.

ಆ ಊರಿನಲ್ಲಿ ಈ ಹುಚ್ಚಿಗೆ ಹಳೆಯ ವಂಶಾವಳಿ ಇತ್ತು. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ ಬಿಜಾಪುರದಲ್ಲಿ ವಕೀಲಿ ಮಾಡಿದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿಯ ಕಟ್ಟುಗಳನ್ನು ಕೂಡಿಸಿದರು, ಓದಿ ಪ್ರತಿ ಮಾಡಿದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು. 1925ರಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಅದಕ್ಕೆ ಮನೆ ಮಾರಿದರೆಂಬುದು ಊರಿನ ಹಳಬರೆಲ್ಲ ಹೇಳುತ್ತಿದ್ದ ಮಾತು. ಮರುವರ್ಷ ‘ಶಿವಾನುಭವ’ ಪತ್ರಿಕೆ. ಮಾಸ್ತರರು ಈ ಕಥೆಯನ್ನು ಹೇಳುವ ರೀತಿ ನೋಡಿದರೆ ಹಳಕಟ್ಟಿಯವರ ನಂತರ ಬಂದದ್ದು ನೇರವಾಗಿ ಈ ಬೂಟಿನ ಡಬ್ಬಿಗಳೇ ಎನ್ನಿಸುತ್ತಿತ್ತು.

ಈಗ ರಾಂಜಣಗಾಂವದಲ್ಲಿ ಕೂತು ಯೋಚಿಸುವವನಿಗೆ ಆ ಹೋಲಿಕೆ ಒಪ್ಪಿಗೆಯಾಗುವುದಿಲ್ಲ. ಹಳಕಟ್ಟಿಯವರು ಸಿಕ್ಕದ್ದನ್ನೆಲ್ಲ ಅಚ್ಚುಹಾಕಿ ಹಂಚಿದರು. ಮಾಸ್ತರರು ಡಬ್ಬಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಒಮ್ಮೆ ಬೇರೆ ಊರಿನಿಂದ ಸಂಶೋಧನೆ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳು ‘ಕಾಯಕ’ದ ಚೀಟಿಗಳನ್ನಷ್ಟೇ ನೋಡಿಕೊಂಡು ಹೋಗುತ್ತೇನೆಂದು ಬಂದಿದ್ದಳು. ಚಹಾ ಕೊಟ್ಟರು, ಉಪ್ಪಿಟ್ಟು ಕೊಟ್ಟರು, ಚೀಟಿ ಕೊಡಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ಅವಳ ಚೀಲ ಹೊತ್ತುಕೊಂಡು ಹೋದವನು ಈ ಹುಡುಗನೇ. ವಿದ್ವತ್ತೆಂದರೆ ಹೀಗೇ ಇರಬೇಕು, ಕಷ್ಟಪಟ್ಟವನದೇ ಸೊತ್ತು ಎಂದು ಆಗ ಅವನೂ ನಂಬಿದ್ದ. ಅಂದಿನ ಕನ್ನಡ ಸಂಶೋಧನೆಯ ಬಹುಪಾಲು ಹೀಗೆ ಯಾರದೋ ಕಪಾಟಿನ ಕೀಲಿಯನ್ನು ನೆಚ್ಚಿಕೊಂಡಿತ್ತು ಎಂಬುದನ್ನು ಹಳೆಯ ಗುರುಪರಂಪರೆಯನ್ನು ಹೊಗಳುವವರು ಯಾಕೋ ಹೇಳುವುದೇ ಇಲ್ಲ.

ಪದಸೂಚಿ ಮುಗಿಯಲಿಲ್ಲ. ಮಾಸ್ತರರು ತೀರಿಕೊಂಡ ಮೇಲೆ ಡಬ್ಬಿಗಳಿಗೆ ಗೆದ್ದಲು ಹತ್ತಿತೆಂದೂ ರದ್ದಿಗೆ ಹೋದವೆಂದೂ ಎರಡು ಸುದ್ದಿ ಬಂದವು. ಎರಡೂ ನಿಜವಿದ್ದೀತು.

ಅಷ್ಟರಲ್ಲಿ ಹುಡುಗ ಡಿಟಿಪಿ ಅಂಗಡಿ ಸೇರಿದ್ದ. ಲಗ್ನಪತ್ರಿಕೆ, ಚುನಾವಣೆಯ ಕರಪತ್ರ, ಶ್ರದ್ಧಾಂಜಲಿಗಳ ನಡುವೆ ಮಾಸ್ತರರ ಪೀಠಿಕೆಯನ್ನೂ ‘ಅ’ದಿಂದ ‘ಓ’ವರೆಗಿನ ಸೂಚಿಯನ್ನೂ ಬಿಡುವಿದ್ದಾಗ ಕೂಡಿಸಿ ಫ್ಲಾಪಿಗೆ ಹಾಕಿಟ್ಟಿದ್ದ. ಅದು ಕನ್ನಡಕ್ಕೆ ಫಾಂಟುಗಳ ಸುಗ್ಗಿಕಾಲ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಬಂದಿತ್ತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. ದೊಡ್ಡ ಅಂಗಡಿಗಳಲ್ಲಿ ಡಾಂಗಲ್ ಚುಚ್ಚಿದರೆ ಮಾತ್ರ ಓಡುವ ‘ಶ್ರೀಲಿಪಿ’. ಆ ಶ್ರೀಲಿಪಿಯ ತವರು ಪುಣೆ ಎಂಬುದು, ಭಾರತೀಯ ಭಾಷೆಗಳನ್ನು ಕಂಪ್ಯೂಟರಿಗೆ ತಂದ ಸಿಡ್ಯಾಕ್‌ನ ಜಿಸ್ಟ್ ತಂಡವೂ ಅದೇ ಊರಿನದೆಂಬುದು ಅವನಿಗೆ ತಿಳಿದದ್ದು ಕೆಲಸ ಹುಡುಕಿಕೊಂಡು ಮಹಾರಾಷ್ಟ್ರಕ್ಕೆ ಬಂದಾದ ಮೇಲೆ. ಬಿಜಾಪುರದಲ್ಲಿ ಅಚ್ಚಾದ ಎಷ್ಟೋ ಕನ್ನಡ ಮೊದಲು ಪುಣೆಯನ್ನು ಹಾದು ಬಂದಿತ್ತು!

ಆ ಫಾಂಟುಗಳಲ್ಲಿ ಒಂದು ಮೋಸವಿತ್ತು. ಪರದೆಯ ಮೇಲೆ ಕಾಣುವುದು ಕನ್ನಡ. ಕಂಪ್ಯೂಟರಿನ ಹೊಟ್ಟೆಯೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟು ಅವುಗಳ ಮೇಲೆ ಕನ್ನಡದ ಆಕಾರ ಬಿಡಿಸುತ್ತಿತ್ತು, ಅಷ್ಟೆ. ಫಾಂಟಿಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂಬ ಪದ ಒಂದು ಪಿ, ಒಂದು ಪೌಂಡ್ ಚಿಹ್ನೆ, ಜರ್ಮನರ ಒಂದು ಎಸ್, ಒಂದು ಕ್ಯೂ, ನಡುನಡುವೆ ತಲೆಯ ಮೇಲೆ ಗೀರಿಟ್ಟ ಎ ಆಗಿ ಒಡೆದು ಬೀಳುತ್ತಿತ್ತು. ಇಂಥ ಪಠ್ಯದಲ್ಲಿ ಏನನ್ನೂ ಹುಡುಕಲಾಗದು, ವರ್ಣಾನುಕ್ರಮಕ್ಕೆ ಜೋಡಿಸಲಾಗದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿತ್ತು. ಮುದ್ರಣದ ಲೋಕ ಮಾತ್ರ ಅತ್ತ ತಿರುಗಲು ವರ್ಷಗಟ್ಟಲೆ ತಡಮಾಡಿತು. ಇನ್ನೂ ಪೂರ್ತಿ ತಿರುಗಿಲ್ಲ. ಪರಿಣಾಮವಾಗಿ, ಕನ್ನಡ ಪುಸ್ತಕಗಳು ಕಂಪ್ಯೂಟರಿನಲ್ಲೇ ಹುಟ್ಟತೊಡಗಿದ ಒಂದಿಡೀ ತಲೆಮಾರಿನ ಬರವಣಿಗೆ ಕಂಪ್ಯೂಟರಿಗೇ ಓದಲು ಬಾರದಂತೆ ಕೂತಿದೆ. 1923ರ ‘ವಚನಶಾಸ್ತ್ರಸಾರ’ದ ಕಂದು ಪುಟವನ್ನು ಇವತ್ತು ಯಾರಾದರೂ ಓದಬಹುದು. ಅದಕ್ಕಿಂತ ಮುಕ್ಕಾಲು ಶತಮಾನ ಚಿಕ್ಕದಾದ ಫ್ಲಾಪಿಯನ್ನು ತೂರಿಸಲು ಸೀಳುಗಂಡಿಯೂ ಉಳಿದಿಲ್ಲ.

ಅವನ ಅದೃಷ್ಟಕ್ಕೆ ಫ್ಲಾಪಿಯಲ್ಲಿದ್ದದ್ದನ್ನು ಸಿ.ಡಿ.ಗೆ ಇಳಿಸಿಕೊಂಡಿದ್ದ. ಅಣ್ಣನ ಮಗಳು ಅದನ್ನು ಪರಿವರ್ತಕ ತಂತ್ರಾಂಶವೊಂದಕ್ಕೆ ಉಣಿಸಿದಳು. ಹಳೆಯ ಸಂಕೇತವನ್ನು ಯೂನಿಕೋಡಿಗೆ ತಿರುಗಿಸುವ ಇಂಥ ಸಲಕರಣೆಗಳನ್ನು ಕನ್ನಡದ ಯುವ ತಂತ್ರಜ್ಞರು ಬರೆದು ಪುಕ್ಕಟೆ ಹಂಚಿದ್ದಾರೆ. ಅರ್ಕಾವತ್ತುಗಳು ಅಲ್ಲಲ್ಲಿ ಮುಗ್ಗರಿಸಿದವು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುವ ಚಿಹ್ನೆ, ಯೂನಿಕೋಡಿನಲ್ಲಿ ‘ರ್’ ಮೊದಲೇ ಬರಬೇಕು. ಹಾಗಾಗಿ ಅದು ಪಠ್ಯಗಳ ವಲಸೆಯಲ್ಲಿ ಸದಾ ದಾರಿ ತಪ್ಪುವ ಮಗು. ಉಳಿದಂತೆ ಮಾಸ್ತರರ ಪೀಠಿಕೆ ಇಡಿಯಾಗಿ ಎದ್ದು ಬಂತು.

ಓದಿದ. ಪೀಠಿಕೆ ಅಂಥದ್ದೇನೂ ಆಗಿರಲಿಲ್ಲ. ಉದ್ದುದ್ದ ಸಂಸ್ಕೃತದ ಸಮಾಸಗಳು, ಬೇರೆಯವರು ಆಗಲೇ ಹೇಳಿದ್ದರ ಮರುಕಳಿಕೆ, ಸಮಕಾಲೀನರ ಮೇಲೆ ಎರಡು ಸಣ್ಣ ಕುಟುಕು. ಸೂಚಿ ಮಾತ್ರ ಚಿನ್ನ. ‘ಉ’ ಅಕ್ಷರದಡಿ ‘ಉಣ್’ ಧಾತುವಿನಿಂದ ಬಂದ ರೂಪಗಳನ್ನೆಲ್ಲ ಮಾಸ್ತರರು ಒಂದೇ ಗೂಡಿಗೆ ತಂದಿದ್ದರು: ಉಂಡ, ಉಂಬ, ಉಣ್ಣದ, ಉಣಬಲ್ಲ. ಪಕ್ಕದಲ್ಲಿ ಯಾರು ಯಾರನ್ನು ಉಣ್ಣಿಸುತ್ತಾರೆ, ಯಾವುದು ಯಾವುದನ್ನು ಉಣ್ಣುತ್ತದೆ ಎಂಬ ಟಿಪ್ಪಣಿ. ‘ಉಂಬ’ ಎಂದು ಹುಡುಕಿದರೆ ಅಕ್ಷರಗಳು ಕೂಡಿದಷ್ಟನ್ನೇ ಯಂತ್ರ ಕೊಡುತ್ತದೆ. ‘ಉಣ್ಣದ’ವನು ಅದರ ಕಣ್ಣಿಗೆ ಬೇರೆ ಮನುಷ್ಯ. ಪ್ರತ್ಯಯಗಳನ್ನು ಬೆನ್ನಿಗೆ ಕಟ್ಟಿಕೊಂಡೇ ತಿರುಗುವ, ಸಂಧಿಯಲ್ಲಿ ಮುಖವನ್ನೇ ಬದಲಿಸುವ ಕನ್ನಡ ಪದಗಳ ವಿಷಯದಲ್ಲಿ ಇದು ಸಣ್ಣ ಕೊರತೆಯಲ್ಲ. ಅಣ್ಣನ ಮಗಳು ಈಗ ಅದೇ ಸೂಚಿಯನ್ನು ಮುಂದಿಟ್ಟುಕೊಂಡು ಯಾವ ಯಾವ ರೂಪಗಳನ್ನು ಹುಡುಕಬೇಕೆಂದು ಪಟ್ಟಿ ಮಾಡಿಕೊಳ್ಳುತ್ತಾಳೆ.

ಇನ್ನೊಂದು ವಿಷಯದಲ್ಲಿ ಯಂತ್ರ ಮಾಸ್ತರರನ್ನು ಮೀರಿಸಿದೆ. ವಚನ ಸಂಚಯದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ, 200ಕ್ಕೂ ಹೆಚ್ಚು ವಚನಕಾರರಿದ್ದಾರೆ. ವಿಮರ್ಶಕ ಓ.ಎಲ್. ನಾಗಭೂಷಣ ಸ್ವಾಮಿ, ಕಥೆಗಾರ ವಸುಧೇಂದ್ರ, ತಂತ್ರಜ್ಞರಾದ ಓಂಶಿವಪ್ರಕಾಶ್ ಮತ್ತು ದೇವರಾಜ್ ಕೂಡಿ 2010ರ ದಶಕದಲ್ಲಿ ಕಟ್ಟಿದ ತಾಣವಿದು. ಮಾಸ್ತರರು ಪದಗಳನ್ನು ಮೊದಲೇ ಗೊತ್ತುಮಾಡಿ ಕೊಟ್ಟಿದ್ದರಲ್ಲ, ಅವರಿಗೆ ಹೊಳೆಯದ ಪದಕ್ಕೆ ಚೀಟಿಯೇ ಇರಲಿಲ್ಲ. ಬಯಲು, ಕಾಯ, ಕಾಯಕ, ಜಂಗಮ ಇದ್ದವು. ಒನಕೆ, ಮೊರ, ನೂಲು, ಹಾದರ ಇರಲಿಲ್ಲ. ಇಂಥ ಪದಗಳಿಗಾಗಿ ಸಾವಿರಾರು ಪುಟ ಓದಲು ಮಾಸ್ತರರು ಯಾರಿಗೂ ಸಂಬಳ ಕೊಡುತ್ತಿರಲಿಲ್ಲ. ಅಣ್ಣನ ಮಗಳ ಅಧ್ಯಾಯ ಇರುವುದೇ ಆ ಪದಗಳ ಮೇಲೆ. ಒಂದು ಸಂಜೆ ಹುಡುಕಿ, ಒಂದು ತಿಂಗಳು ಓದುತ್ತಾಳೆ. ಹಾಗೆ ಓದದೆ ಸಂಜೆಯಲ್ಲೇ ಅಧ್ಯಾಯ ಮುಗಿಸುವ ಸಹಪಾಠಿಗಳೂ ಇದ್ದಾರಂತೆ. ಅವರು ಡಬ್ಬಿಯ ಕಾಲದಲ್ಲಿದ್ದಿದ್ದರೆ ಬೇರೆಯವರ ಪ್ರಬಂಧದಿಂದ ಉತಾರ ಮಾಡುತ್ತಿದ್ದರು. ಆ ಪದ್ಧತಿಯನ್ನು ಡಿಟಿಪಿ ಅಂಗಡಿಯ ಕುರ್ಚಿಯಿಂದ ಸಾಕಷ್ಟು ನೋಡಿದವನಿಗೆ ಇಂದಿನವರ ಮೇಲೆ ವಿಶೇಷ ಸಿಟ್ಟಿಲ್ಲ.

ಪುಣೆಯ ಯರವಡಾದಲ್ಲಿ ಡೆಕ್ಕನ್ ಕಾಲೇಜಿದೆ, ರಾಂಜಣಗಾಂವದಿಂದ ಪೇಟೆಗೆ ಹೋಗುವ ದಿಕ್ಕಿನಲ್ಲೇ. ರಜೆಯ ದಿನ ಒಮ್ಮೆ ಅಲ್ಲಿಗೆ ಹೋಗಿ ನೋಡಿದ. ಎಸ್.ಎಂ. ಕತ್ರೆಯವರು 1948ರಲ್ಲಿ ಆರಂಭಿಸಿದ ಸಂಸ್ಕೃತದ ಐತಿಹಾಸಿಕ ಮಹಾಕೋಶಕ್ಕೆ ಅಲ್ಲಿ ಸುಮಾರು ಒಂದು ಕೋಟಿ ಚೀಟಿಗಳಿವೆ, ಉಕ್ಕಿನ ಖಾನೆಗಳಲ್ಲಿ. ಮೊದಲ ಸಂಪುಟ ಬಂದದ್ದು 1976ರಲ್ಲಿ. ಇಷ್ಟು ವರ್ಷಗಳಾದರೂ ಕೋಶ ಇನ್ನೂ ಅಕಾರವನ್ನು ದಾಟಿಲ್ಲ. ಖಾನೆಗಳ ಸಾಲಿನ ನಡುವೆ ನಿಂತವನಿಗೆ ನಗು ಬಂತು, ಹೊಟ್ಟೆಯೊಳಗೆ ಏನೋ ಕಲಕಿತು ಕೂಡ. ಮಾಸ್ತರರು ಇದನ್ನು ನೋಡಬೇಕಿತ್ತು. ತಮ್ಮ ಡಬ್ಬಿಗಳಿಗೂ ಸಂಸ್ಥೆಯೊಂದು ಬೆನ್ನಿಗಿದ್ದಿದ್ದರೆ ಎಂದು ಅವರು ಹೇಳದೆ ಬಿಡುತ್ತಿರಲಿಲ್ಲ. ಆ ಮಾತಿನಲ್ಲಿ ನ್ಯಾಯವೂ ಇದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲಿ ಮುಗಿದದ್ದು ಪರಿಷತ್ತೆಂಬ ಸೂರಿನಡಿ, ಚೀಟಿಗಳಿಂದಲೇ. ಇನ್ನು ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಕನ್ನಡ–ಇಂಗ್ಲಿಷ್ ಕೋಶ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳದ್ದು, ‘ಅಲರ್’ ಎಂಬ ಹೆಸರಿನಲ್ಲಿ 2019ರಲ್ಲಿ ಅಂತರ್ಜಾಲಕ್ಕೆ ಬಂತು, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ. ಒಂಟಿಯಾಗಿ ದುಡಿದವರ ಕೆಲಸ ಗೆದ್ದಲಿಗೆ ಹೋಗದಂತೆ ತಡೆಯುವ ದಾರಿ ಮಾಸ್ತರರ ಕಾಲಕ್ಕಿರಲಿಲ್ಲ.

ರಾಂಜಣಗಾಂವದಲ್ಲಿ ಕನ್ನಡ ಪುಸ್ತಕದ ಅಂಗಡಿಯಿಲ್ಲ. ಅವನು ಬಂದ ಹೊಸತರಲ್ಲಿ ಓದುವುದೆಂದರೆ ಊರಿಂದ ಚೀಲದಲ್ಲಿ ತಂದದ್ದು, ಅದು ತೀರಿದರೆ ಚಟ್ನಿ ಕಟ್ಟಿದ ಕನ್ನಡ ಪೇಪರು. ಕಿಂಡಲ್ 2016ರಲ್ಲಿ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಮರಾಠಿ ಒಳಗೆ ಹೋಯಿತು, ಕನ್ನಡ ಹೊರಗುಳಿಯಿತು. ಪಕ್ಕದ ಖೋಲಿಯ ಸಾತಾರಾದ ಗೆಳೆಯ ಅದನ್ನು ತೋರಿಸಿ ತೋರಿಸಿ ಓದಿದ. ‘ಮೈಲ್ಯಾಂಗ್’ 2020ರಲ್ಲಿ ಕನ್ನಡದ ಇ–ಪುಸ್ತಕ, ಕೇಳುಪುಸ್ತಕಗಳನ್ನು ತಂದ ಮೇಲೆ ಕಂಪನಿ ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಕಾದಂಬರಿ ಕೇಳುವವರು ಕಾಣಿಸಿಕೊಂಡರು. ಲೈನಿನಲ್ಲಿ ಕಂಪ್ರೆಸರ್ ಕೂರಿಸುವ ಕಲಬುರಗಿಯ ಹುಡುಗಿಯೊಬ್ಬಳು ‘ಪ್ರತಿಲಿಪಿ’ ಆ್ಯಪ್‌ನಲ್ಲಿ ಧಾರಾವಾಹಿ ಬರೆಯುತ್ತಾಳೆ. ಅವಳ ನಾಯಕ ಕಂತಿಗೊಮ್ಮೆ ಸಾಯುವಂತಾಗಿ ಬದುಕುತ್ತಾನೆ. ಒಳ್ಳೆಯ ಸಾಹಿತ್ಯವೇ? ಅಲ್ಲ. ಆದರೆ ವಾರಪತ್ರಿಕೆಗಳ ಧಾರಾವಾಹಿಗಳಿಗಾಗಿ ಅವನ ಅವ್ವ ಪಕ್ಕದ ಮನೆಯ ಬಾಗಿಲು ಕಾಯುತ್ತಿದ್ದಾಗ ಅಲ್ಲೂ ನಾಯಕರು ಹೀಗೇ ಸತ್ತು ಹುಟ್ಟುತ್ತಿದ್ದರು. ಅವುಗಳನ್ನು ಬರೆಯುವವರು ಮಾತ್ರ ಕಾರ್ಖಾನೆಯ ಲೈನಿನಲ್ಲಿ ನಿಲ್ಲುತ್ತಿರಲಿಲ್ಲ.

ಕಳೆದ ವರ್ಷ ಇನ್ನೊಂದು ಬಗೆಯ ತೊಂದರೆ ತಲೆ ಹಾಕಿತು. ಅಣ್ಣನ ಮಗಳ ಗೆಳತಿಯೊಬ್ಬಳು ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನು ಒಂದು ವಚನ ಕೇಳಿದಳಂತೆ. ಅದು ಬಸವಣ್ಣನದೆಂದು ಕೊಟ್ಟಿತು: ನಡುಗನ್ನಡದ ವಾಸನೆ, ಹದವಾದ ಲಯ, ಕೊನೆಗೆ ಕೂಡಲಸಂಗಮದೇವ. ಗೆಳತಿ ಅದನ್ನು ಸೆಮಿನಾರ್ ಪ್ರಬಂಧದಲ್ಲಿ ಹಾಕಿದಳು, ಯಾರೂ ಗುರುತಿಸಲಿಲ್ಲ. ಅನುಮಾನ ಬಂದ ಅಣ್ಣನ ಮಗಳು ಸಾಲುಗಳನ್ನು ಒಡೆದೊಡೆದು ವಚನ ಸಂಚಯದಲ್ಲಿ ಹುಡುಕಿದಳು, ಅಚ್ಚಿನ ಸಂಪುಟವನ್ನೂ ತಿರುವಿದಳು. ಎಲ್ಲೂ ಇಲ್ಲ. ವಾಟ್ಸಾಪ್‌ನಲ್ಲಿ ಅಂಕಿತ ಅಂಟಿಸಿಕೊಂಡು ಹರಿದಾಡುವ ಸುಪ್ರಭಾತದ ನೀತಿಗಳಿಗೂ ಇದೇ ಪರೀಕ್ಷೆ ಒದಗುತ್ತದೆ. ಹುಡುಕುವ ಗುಂಡಿಯ ಅತ್ಯುತ್ತಮ ಉಪಯೋಗ ‘ಇಲ್ಲ’ ಎಂದು ಹೇಳಿಸುವುದರಲ್ಲಿದೆ ಎಂದು ಅವನಿಗೆ ಅನ್ನಿಸತೊಡಗಿದ್ದು ಆಗ. ಚೀಟಿಗಳಿಂದ ‘ಇದೆ’ ಎನ್ನಬಹುದಿತ್ತು. ‘ಇಲ್ಲ’ ಎನ್ನಲು ಧೈರ್ಯ ಸಾಲುತ್ತಿರಲಿಲ್ಲ.

ಅಂಕಿತದ ಜಗಳ ಹೊಸದೇನಲ್ಲ. ‘ಕೂಡಲಸಂಗಮದೇವ’ ಇದ್ದಲ್ಲಿ ‘ಲಿಂಗದೇವ’ ಎಂದು ಬದಲಿಸಿದ ಮಾತೆ ಮಹಾದೇವಿಯವರ ‘ವಚನ ದೀಪ್ತಿ’ಯನ್ನು ಕರ್ನಾಟಕ ಸರ್ಕಾರ 1998ರಲ್ಲಿ ನಿಷೇಧಿಸಿತು, 2017ರಲ್ಲಿ ಸುಪ್ರೀಂ ಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಪುಸ್ತಕಕ್ಕಾದರೆ ಮುಟ್ಟುಗೋಲುಂಟು. ಸರ್ವರಿನಲ್ಲಿ ಕೂತ ಪಠ್ಯದ ಒಂದು ಪದವನ್ನು ಯಾರಾದರೂ ರಾತ್ರೋರಾತ್ರಿ ತಿದ್ದಿದರೆ ಹಳೆಯ ಪ್ರತಿ ಮನೆಮನೆಯಲ್ಲಿ ಉಳಿದಿರುವುದಿಲ್ಲ. ಜೊತೆಗೆ ತೆರೆಯ ಮೇಲಿನ ವಚನಕ್ಕೆ ಒಂದೇ ಪಾಠ. ಅಡಿಯಲ್ಲಿ ಪಾಠಾಂತರಗಳ ಸಣ್ಣಕ್ಷರ ಇರುವುದಿಲ್ಲ. ಪುಣೆಯ ಭಾಂಡಾರಕರ ಸಂಸ್ಥೆಯ ವಿದ್ವಾಂಸರು 1,259 ಹಸ್ತಪ್ರತಿಗಳನ್ನು ಎದುರುಬದುರು ಇಟ್ಟು 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣದ ಪುಟ ತೆಗೆದರೆ ಮೇಲೆ ನಾಲ್ಕು ಶ್ಲೋಕ, ಕೆಳಗೆ ಪಾಠಾಂತರಗಳ ದೊಡ್ಡ ಜಾತ್ರೆ. ಆ ಜಾತ್ರೆಯೇ ಇಲ್ಲದ ಪಠ್ಯವನ್ನು ಓದಿ ಬೆಳೆದ ವಿದ್ಯಾರ್ಥಿಗೆ ವಚನಗಳು ಕಲ್ಲಿನಲ್ಲಿ ಕೊರೆದಂತೆ ಒಂದೇ ರೂಪದಲ್ಲಿ ಇಳಿದು ಬಂದವು ಎನ್ನಿಸಿದರೆ ಅವಳ ತಪ್ಪೇನು?

ಉಳಿಯುವ ಪ್ರಶ್ನೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ಸ್ಕ್ಯಾನ್ ಆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ತಾಣ ಒಂದು ದಿನ ಮುಚ್ಚಿತು. ಅದರ ಲಕ್ಷಾಂತರ ಪುಸ್ತಕಗಳು, ತಲೆಬುಡ ತಿಳಿಯದ ಇಂಗ್ಲಿಷ್ ಕಾಗುಣಿತದ ಶೀರ್ಷಿಕೆಗಳ ಸಮೇತ, ಇಂಟರ್ನೆಟ್ ಆರ್ಕೈವ್‌ಗೆ ನಕಲಾಗಿದ್ದರಿಂದ ಬದುಕಿದವು. 2024ರ ಅಕ್ಟೋಬರಿನಲ್ಲಿ ಆ ಆರ್ಕೈವ್ ಮೇಲೂ ಸೈಬರ್ ದಾಳಿ ನಡೆದು ಕೆಲವು ದಿನ ಬಾಗಿಲು ಹಾಕಿತ್ತು. ಅಣ್ಣನ ಮಗಳು ಆ ದಿನಗಳಲ್ಲಿ ಫೋನು ಮಾಡಿ ಗೋಳಿಟ್ಟಳು. ಆಮೇಲಿಂದ ತನಗೆ ಬೇಕಾದದ್ದನ್ನೆಲ್ಲ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳುತ್ತಿದ್ದಾಳೆ. ಅದಕ್ಕೊಂದು ಬೂಟಿನ ಡಬ್ಬಿ ಸಿಗಬಹುದೇ ಎಂದು ಕಾಕಾ ಚೇಷ್ಟೆ ಮಾಡುತ್ತಾನೆ.

ಹಳಕಟ್ಟಿಯವರು ತೀರಿಕೊಂಡದ್ದು 1964ರ ಜೂನ್ 29ರಂದು. ಲೇಖಕರು ಸತ್ತ ವರ್ಷ ಮುಗಿದು ಅರವತ್ತು ವರ್ಷವಾದ ಮೇಲೆ ಹಕ್ಕುಸ್ವಾಮ್ಯ ಇರುವುದಿಲ್ಲ ಎನ್ನುತ್ತದೆ ಭಾರತದ ಕಾನೂನು. ಅಂದರೆ 2025ರ ಜನವರಿ 1ರಿಂದ ಅವರ ಬರವಣಿಗೆ ಎಲ್ಲರ ಸೊತ್ತು. ಮನೆ ಮಾರಿ ಮುದ್ರಣಾಲಯ ಹಾಕಿದ ಮನುಷ್ಯ ಇದಕ್ಕೆ ಕಾನೂನಿನ ಅಪ್ಪಣೆ ಕಾಯುತ್ತಿದ್ದರೆಂದು ತೋರುವುದಿಲ್ಲ, ಅದು ಬೇರೆ ಮಾತು. ಅಣ್ಣನ ಮಗಳ ಒತ್ತಾಯಕ್ಕೆ ಅವನು ಈಗ ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಟಗಳನ್ನು ತಿದ್ದುತ್ತಾನೆ. ಎಡಕ್ಕೆ ಸ್ಕ್ಯಾನ್ ಆದ ಪುಟ, ಬಲಕ್ಕೆ ಒಸಿಆರ್ ಓದಿ ಕೊಟ್ಟ ಪಠ್ಯ. ಮಾಸಿದ ಅಚ್ಚಿನಲ್ಲಿ ‘ವ’ವನ್ನು ‘ಪ’ ಎನ್ನುತ್ತದೆ ಯಂತ್ರ, ಒತ್ತಕ್ಷರಗಳನ್ನು ನುಂಗುತ್ತದೆ, ಹಳೆಯ ‘ಱ’ ಕಂಡರೆ ಕಕ್ಕಾಬಿಕ್ಕಿಯಾಗುತ್ತದೆ. ಅವನಿಗೆ ಈ ಕೆಲಸ ಹೊಸದೆನ್ನಿಸುವುದಿಲ್ಲ. ಸಾಲಿನ ಮೇಲೆ ಬೆರಳಿಟ್ಟು ಓದುವುದು, ತಪ್ಪು ಹಿಡಿಯುವುದು, ಮಗ್ಗುಲಿನ ಶಬ್ದ ನೋಡುವುದು. ನಡುರಾತ್ರಿಯ ನಂತರ ನಿದ್ದೆ ಹತ್ತುವ ತನಕ ಒಂದೋ ಎರಡೋ ಪುಟ.

ಒಬ್ಬರು ತಿದ್ದಿದ ಪುಟ ಹಳದಿ ಬಣ್ಣಕ್ಕೆ ತಿರುಗುತ್ತದೆ. ಇನ್ನೊಬ್ಬರು ಮತ್ತೆ ಪೂರ್ತಿ ಓದಿ ಒಪ್ಪಿದರೆ ಮಾತ್ರ ಹಸಿರು. ತಿದ್ದಿದವನೇ ಹಸಿರು ಮಾಡಲು ಬರುವುದಿಲ್ಲ. ಕಾರ್ಖಾನೆಯಲ್ಲೂ ನಿಯಮ ಇದೇ ಆದ್ದರಿಂದ ಅವನಿಗೆ ತಕರಾರಿಲ್ಲ. ತೊಂದರೆ ಇರುವುದು ಆ ಇನ್ನೊಬ್ಬರು ಸಿಗುವುದರಲ್ಲಿ. ಅವನ ಹಳದಿ ಪುಟಗಳು ಬೆಳೆಯುತ್ತಲೇ ಇವೆ. ಕಂತಿಗೊಮ್ಮೆ ನಾಯಕನನ್ನು ಕೊಲ್ಲುವ ಕಲಬುರಗಿಯ ಹುಡುಗಿಯನ್ನು ಕೇಳಿದ್ದಾನೆ. ಈ ತಿಂಗಳು ಅವಳದು ನೈಟ್ ಶಿಫ್ಟ್, ಮೇಲೆ ಧಾರಾವಾಹಿ ಬೇರೆ ಕೊನೆಯ ಕಂತುಗಳಲ್ಲಿದೆ. ಅದು ಮುಗಿದ ಮೇಲೆ ನೋಡುತ್ತೇನೆ, ಆದರೆ ಆ ಹಳೇ ಕನ್ನಡ ಓದಲು ಒಂದೆರಡು ದಿನ ಜೊತೆಗೆ ಕೂತು ಹೇಳಿಕೊಡಬೇಕು ಅಂದಿದ್ದಾಳೆ.